ಚಿಕಿತ್ಸಾ ಮನೋವಿಜ್ಞಾನದ ಸ್ನಾತಕೋತ್ತರ ಶಿಕ್ಷಣ ಮತ್ತು ಕಾಫಿಸೀಮೆಯ ಕನ್ನಡ

೧

ಕರ್ನಾಟಕದಲ್ಲಿ ಚಿಕಿತ್ಸಾ ಮನೋವಿಜ್ಞಾನದ ಉನ್ನತ ಶಿಕ್ಷಣಕ್ಕೆ ಏಳು ದಶಕಗಳ ಇತಿಹಾಸವಿದೆ. ಆ ಶಿಕ್ಷಣದ ಪಠ್ಯ, ಪರೀಕ್ಷೆ, ಸಂಶೋಧನ ಪ್ರಬಂಧಗಳು ಇಂಗ್ಲಿಷಿನಲ್ಲಿ ನಡೆದುಬಂದಿವೆ. ರೋಗಿಯೊಡನೆ ನಡೆಯುವ ಮಾತುಕತೆ ಮಾತ್ರ ಬಹುಮಟ್ಟಿಗೆ ಕನ್ನಡದಲ್ಲಿದೆ. ವೈದ್ಯಶಾಸ್ತ್ರದ ಇತರ ಶಾಖೆಗಳಲ್ಲಿಯೂ ಈ ಅಂತರ ಇದ್ದೇ ಇದೆ. ಆದರೆ ಅಲ್ಲಿ ಮುರಿದ ಮೂಳೆಯನ್ನು ಕ್ಷ-ಕಿರಣದ ಚಿತ್ರ ತೋರಿಸುತ್ತದೆ, ರಕ್ತದ ಸಕ್ಕರೆಯನ್ನು ಯಂತ್ರ ಅಳೆಯುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ರೋಗಲಕ್ಷಣ ತಿಳಿದುಬರುವುದು ಮುಖ್ಯವಾಗಿ ಮಾತಿನಿಂದ. ಮನೋವಿಜ್ಞಾನಿಯ ಚಿಕಿತ್ಸೆಯ ಬಹುಭಾಗವೂ ಮಾತೇ. ಹೀಗಿರುವಾಗ ಕನ್ನಡವನ್ನು ರೋಗಿಯೊಡನೆ ವ್ಯವಹರಿಸುವಷ್ಟು ಕಲಿತರೆ ಸಾಕೆ, ಅಥವಾ ಅದನ್ನು ಈ ತರಬೇತಿಯ ಅಧ್ಯಯನ ವಸ್ತುವನ್ನಾಗಿ ಮಾಡಿಕೊಳ್ಳಬೇಕೆ ಎಂಬ ಪ್ರಶ್ನೆ ಏಳುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯ ಮಾತನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಫಿಸೀಮೆಯನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಇಲ್ಲಿ ಕನ್ನಡ ಒಂದೇ ಬಗೆಯದಲ್ಲ. ಚಿಕ್ಕಮಗಳೂರಿನ ಪೂರ್ವಕ್ಕೆ ಬಯಲುಸೀಮೆಯ ಕನ್ನಡವಿದ್ದರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟದ ಕಡೆಗೆ, ಕುದುರೆಮುಖದ ನೆರೆಯ ಕಳಸದ ಕಡೆಗೆ ಸಾಗಿದಂತೆ ಕರಾವಳಿಯ ಛಾಯೆ ದಟ್ಟವಾಗುತ್ತದೆ. ತೋಟಗಳ ಲೈನ್ ಮನೆಗಳಲ್ಲಿ ತುಳು, ತಮಿಳು, ಮಲಯಾಳಂ ಮನೆಮಾತಿನವರು ತಲೆಮಾರುಗಳಿಂದ ನೆಲೆಸಿದ್ದಾರೆ. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್ ಮೊದಲಾದ ಕಡೆಗಳಿಂದ ಬಂದ ಕೂಲಿಕಾರರೂ ಇದ್ದಾರೆ. ಇವರಲ್ಲಿ ಅನೇಕರಿಗೆ ಕನ್ನಡ ಎರಡನೆಯ ಭಾಷೆ. ಆಸ್ಪತ್ರೆಯಲ್ಲಿ ಅವರು ಆಡುವುದು ಆ ಎರಡನೆಯ ಭಾಷೆಯನ್ನು. ಅದನ್ನು ಕೇಳಿಸಿಕೊಳ್ಳುವವರು ಬರೆದುಕೊಳ್ಳುವುದು ಮೂರನೆಯದೊಂದರಲ್ಲಿ.

೨

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ೧೯೨೪ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದವರು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಪ್ರಸಾರವನ್ನು ಮೊದಲುಮಾಡಿದವರೂ ಅವರೇ. ಅಳತೆಯ ಮನೋವಿಜ್ಞಾನದಲ್ಲಿ ಪಳಗಿದ ಒಬ್ಬ ವಿದ್ವಾಂಸರು ಆಡುಮಾತಿನ ಮಾಧ್ಯಮಕ್ಕೆ ಇಷ್ಟು ಮಹತ್ವ ಕೊಟ್ಟದ್ದು ಆಕಸ್ಮಿಕವೆನಿಸದು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಎಂ.ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಮರುವರ್ಷ ಅಲ್ಲಿ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ತರಗತಿ ಆರಂಭವಾಯಿತು. ಮುಂದೆ ಎರಡು ವರ್ಷಗಳ ಎಂ.ಫಿಲ್. ಪದವಿಯಾಗಿ ಬೆಳೆದ ಶಿಕ್ಷಣದ ಮೂಲ ಇದು. ಆ ಸಂಸ್ಥೆ ೧೯೭೪ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಭಾರತೀಯ ಪುನರ್ವಸತಿ ಮಂಡಳಿಯ ೧೯೯೨ರ ಕಾಯಿದೆ, ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಗಳು ಈ ತರಬೇತಿ ಪಡೆದವರಿಗೆ ಶಾಸನಬದ್ಧ ಸ್ಥಾನ ನೀಡಿವೆ.

ಈ ಇತಿಹಾಸಕ್ಕೆ ಸಮಾನಾಂತರವಾಗಿ ಕನ್ನಡದಲ್ಲಿಯೂ ಮನಸ್ಸಿನ ಕಾಯಿಲೆಯ ಬರವಣಿಗೆ ನಡೆದಿದೆ. ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ಮನೋವೈದ್ಯಕೀಯ ವಿಷಯದ ಪುಸ್ತಕವೊಂದು ಸಾಹಿತ್ಯ ಪ್ರಶಸ್ತಿ ಪಡೆದದ್ದು ಅಪರೂಪದ ಸಂಗತಿ. ಮನೋವಿಜ್ಞಾನವನ್ನು ಓದಿದ್ದ ತ್ರಿವೇಣಿಯವರ ‘ಶರಪಂಜರ’ ಬಾಣಂತಿಯ ಚಿತ್ತವಿಕಾರವನ್ನೂ, ಗುಣವಾಗಿ ಮನೆಗೆ ಮರಳಿದವಳನ್ನು ಜನ ನೋಡುವ ಬಗೆಯನ್ನೂ ಚಿತ್ರಿಸಿತು. ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕಗಳ ಸಂಖ್ಯೆ ದೊಡ್ಡದು. ಆದರೆ ಇವೆಲ್ಲ ತಜ್ಞರಿಂದ ಜನರ ಕಡೆಗೆ ಹರಿದ ಬರವಣಿಗೆ. ಜನರ ಮಾತು ತಜ್ಞರ ಕಡೆಗೆ ಹರಿಯಬೇಕಾದ ದಾರಿಯನ್ನು ಕನ್ನಡ ವಿಭಾಗಗಳಾಗಲಿ ಮನೋವಿಜ್ಞಾನ ವಿಭಾಗಗಳಾಗಲಿ ತಮ್ಮ ಕೆಲಸವೆಂದು ಹೆಚ್ಚಾಗಿ ಭಾವಿಸಿಲ್ಲ.

೩

ರೋಗಿಯ ಮುಖ್ಯ ದೂರುಗಳನ್ನು ಅವನ ಮಾತಿನಲ್ಲಿಯೇ ದಾಖಲಿಸಬೇಕೆಂದು ಚಿಕಿತ್ಸಾ ಮನೋವಿಜ್ಞಾನದ ವಿದ್ಯಾರ್ಥಿಗೆ ಮೊದಲು ಕಲಿಸಲಾಗುತ್ತದೆ. ನಿಯಮ ಉತ್ತಮವಾದುದು. ಆದರೆ ಕಡತ ಇಂಗ್ಲಿಷಿನಲ್ಲಿರುವುದರಿಂದ, ಬರೆಯುವ ಕ್ಷಣದಲ್ಲಿಯೇ ಅನುವಾದವೂ ನಡೆದುಹೋಗುತ್ತದೆ. ಅನುವಾದವಾಗಿದೆ ಎಂಬ ಸುಳಿವು ಕೂಡ ಕಡತದಲ್ಲಿ ಉಳಿಯುವುದಿಲ್ಲ.

ಮಲೆನಾಡು, ಕರಾವಳಿಗಳಲ್ಲಿ ಬಳಕೆಯಲ್ಲಿರುವ ‘ಮಂಡೆಬಿಸಿ’ ಎಂಬ ಮಾತನ್ನು ನೋಡಬಹುದು. ಇದು ಚಿಂತೆ, ತಲೆನೋವಿನಂಥ ಗೋಜಲು, ಹೊಣೆಯ ಭಾರ ಎಂಬ ಅರ್ಥಗಳನ್ನು ಸೂಚಿಸುತ್ತದೆ. ದೇಹದ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ‘ತಲೆ ಉರಿ’ ಎಂಬುದು ಬೇರೆ. ಅದು ನೆತ್ತಿಯಲ್ಲಿ ನಿಜವಾಗಿಯೂ ಅನುಭವಕ್ಕೆ ಬರುವ ಉರಿ. ಮೊದಲನೆಯದನ್ನು ಎರಡನೆಯದೆಂದು ಬರೆದುಕೊಂಡರೆ ಚಿಂತೆಯಿಂದ ಬಳಲುವವನು ಮೈನೋವಿನ ಪಟ್ಟಿಗೆ ಸೇರುತ್ತಾನೆ. ಎರಡನೆಯದನ್ನು ಮೊದಲನೆಯದಾಗಿ ಬರೆದುಕೊಂಡರೆ, ದೇಹದ ಮೂಲಕ ಮಾತ್ರ ದುಃಖವನ್ನು ಹೇಳಬಲ್ಲವಳೊಬ್ಬಳ ದೂರು ಕಳೆದುಹೋಗುತ್ತದೆ. ಇದು ಕೇವಲ ಪದಕೋಶದ ಸೂಕ್ಷ್ಮವಲ್ಲ. ರಘುರಾಮ್, ವೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ನಡೆಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ರೋಗಿಗಳು ಹೇಳಿಕೊಂಡ ಕಳಂಕದ ಭಾವವೂ ಹೆಚ್ಚಿತ್ತು. ದೈಹಿಕ ಲಕ್ಷಣಗಳು ಹೆಚ್ಚಿದಂತೆ ಅದು ಕಡಿಮೆಯಿತ್ತು. ಮೈಯ ನೋವನ್ನು ಹೇಳಿಕೊಂಡರೆ ಮಾನಕ್ಕೆ ಕುಂದಿಲ್ಲ, ಮನಸ್ಸಿನದನ್ನು ಹೇಳಿಕೊಂಡರೆ ಇದೆ. ಯಾವ ಮಾತು ಮೈಯದು, ಯಾವುದು ಮನಸ್ಸಿನದು ಎಂದು ಬಿಡಿಸಿ ಕೇಳುವ ಕಿವಿ ಇದರಿಂದಾಗಿ ತರಬೇತಿಯ ಅಗತ್ಯವಾಗುತ್ತದೆ.

‘ಬೇಜಾರು’ ಇನ್ನೂ ತೊಡಕಿನ ಪದ. ಪಾರಸಿ ಮೂಲದ ಈ ಮಾತು ದುಃಖ, ಏಕತಾನತೆ, ಸಿಟ್ಟು, ನಿರಾಸಕ್ತಿ, ಕ್ಷಮಾಯಾಚನೆಯ ಸಂಕೋಚ ಇಷ್ಟನ್ನೂ ಒಳಗೊಳ್ಳುತ್ತದೆ. ಹಳಗನ್ನಡದಿಂದ ಬಂದ ‘ಬೇಸರ’ ಅದಕ್ಕೆ ಹತ್ತಿರವಿದ್ದರೂ ದಣಿವಿನ ಕಡೆಗೆ ವಾಲುತ್ತದೆ. ‘ಯೋಚನೆ’ ಎಂಬುದು ಶಿಷ್ಟಕನ್ನಡದಲ್ಲಿ ವಿಚಾರ. ‘ಅವಳಿಗೆ ಯೋಚನೆ ಜಾಸ್ತಿ’ ಎಂದಾಗ ಅದು ಕೊರಗು. ಪ್ರಶ್ನಾವಳಿಗಳಲ್ಲಿ ಕಾಣುವ ‘ಖಿನ್ನತೆ’ಯಾದರೋ ಲೈನ್ ಮನೆಯಲ್ಲಿ ಯಾರ ಬಾಯಲ್ಲಿಯೂ ಬರುವ ಮಾತಲ್ಲ. ‘ನಿಮಗೆ ಖಿನ್ನತೆ ಇದೆಯೆ’ ಎಂಬ ಪ್ರಶ್ನೆಗೆ ‘ಎಂತದೂ ಇಲ್ಲ’ ಎಂಬ ಉತ್ತರ ಬಂದರೆ ಅದು ರೋಗದ ನಿರಾಕರಣೆಯಲ್ಲ, ಪ್ರಶ್ನೆಯ ನಿರಾಕರಣೆ. ಅತ್ಯಂತ ಗಂಭೀರವಾದ ತೊಡಕು ‘ಜೀವ ಸಾಕಾಗಿದೆ’ ಎಂಬಂತಹ ಮಾತುಗಳಲ್ಲಿದೆ. ದಿನವಿಡೀ ಕೊಯ್ಲಿನಲ್ಲಿದ್ದು ಬಂದವಳ ದಣಿವಿನ ಉದ್ಗಾರವೂ ಅದೇ, ಸಾವಿನ ಆಲೋಚನೆಯ ಮೊದಲ ಸೂಚನೆಯೂ ಅದೇ. ಸಂದರ್ಭ, ಧ್ವನಿ, ಮುಂದಿನ ವಾಕ್ಯ ಇವುಗಳಿಂದಲ್ಲದೆ ಅರ್ಥ ತೀರ್ಮಾನವಾಗದ ಇಂತಹ ಮಾತನ್ನು ಕನ್ನಡದ ಅಲಂಕಾರಶಾಸ್ತ್ರ ಓದಿದವರಿಗೆ ವಿವರಿಸಬೇಕಾಗಿಲ್ಲ.

ಪದಗಳಿಗಿಂತ ವಾಕ್ಯರಚನೆ ಕಡೆಗಣಿಸಲ್ಪಟ್ಟಿದೆ. ಕನ್ನಡದಲ್ಲಿ ಅನುಭವಗಳು ಬಹುಮಟ್ಟಿಗೆ ಚತುರ್ಥಿಯಲ್ಲಿ ಬರುತ್ತವೆ: ‘ನನಗೆ ಹೆದರಿಕೆ ಆಗುತ್ತದೆ’, ‘ನನಗೆ ಅಳು ಬರುತ್ತದೆ’. ಅನುಭವಿಸುವವನು ಇಲ್ಲಿ ಕರ್ತೃವಲ್ಲ; ಭಾವ ಅವನ ಬಳಿಗೆ ಬರುತ್ತದೆ, ಅವನಿಗೆ ಆಗುತ್ತದೆ. ಇದೇ ಅನುಭವ ‘ಮನಸ್ಸಿಗೆ ಹಚ್ಚಿಕೊಂಡಿದ್ದೇನೆ’, ‘ಬೇಜಾರು ಮಾಡಿಕೊಂಡಿದ್ದೇನೆ’ ಎಂದು ‘ಕೊಳ್ಳು’ ಸೇರಿ ಪ್ರಥಮೆಯಲ್ಲಿ ಬಂದಾಗ ಹೊಣೆಯ ಒಂದು ಎಳೆ ಸೇರಿಕೊಳ್ಳುತ್ತದೆ. ಮಗನ ಸಾವಿನ ಬಗ್ಗೆ ‘ಹಾಗಾಯಿತು’ ಎನ್ನುವ ತಾಯಿಗೂ ‘ಹಾಗೆ ಮಾಡಿಕೊಂಡೆ’ ಎನ್ನುವ ತಾಯಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಎರಡನೆಯ ಮಾತಿನಲ್ಲಿ ಅಪರಾಧ ಭಾವದ ಸುಳಿವಿರಬಹುದು, ಅದು ಖಿನ್ನತೆಯ ನಿದಾನದಲ್ಲಿ ಲೆಕ್ಕಕ್ಕೆ ಬರುವ ಲಕ್ಷಣ. ಇಂಗ್ಲಿಷಿಗೆ ತಿರುಗಿಸಿದಾಗ ಎರಡೂ ‘ನಾನು’ ಕರ್ತೃವಾಗಿರುವ ಒಂದೇ ಬಗೆಯ ವಾಕ್ಯವಾಗುವ ಸಂಭವ ಹೆಚ್ಚು. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ಈ ತೊಡಕು ತಿರುಗುಮುರುಗಾಗಿ ಕಾಣಿಸಿಕೊಳ್ಳುತ್ತದೆ. ಅನುವಾದವನ್ನು ಮತ್ತೊಬ್ಬರಿಂದ ಮೂಲಭಾಷೆಗೆ ಮರಳಿ ತಿರುಗಿಸಿ ಹೋಲಿಸುವ ರೂಢಿ ಇದೆ; ಅದು ಪದದ ತಪ್ಪನ್ನು ಹಿಡಿಯುತ್ತದೆ, ವಿಭಕ್ತಿಯ ತಪ್ಪನ್ನು ಹಿಡಿಯುವುದಿಲ್ಲ.

ಕಾಲದ ಲೆಕ್ಕವೂ ಭಾಷೆಯ ಲೆಕ್ಕವೇ. ಖಿನ್ನತೆಯೆಂದು ಗುರುತಿಸಲು ಲಕ್ಷಣಗಳು ಕನಿಷ್ಠ ಎರಡು ವಾರ ಇರಬೇಕೆಂದು ಅಂತರರಾಷ್ಟ್ರೀಯ ವರ್ಗೀಕರಣ ಹೇಳುತ್ತದೆ. ಬೇರೆ ಕೆಲವು ಕಾಯಿಲೆಗಳಿಗೆ ತಿಂಗಳು, ಆರು ತಿಂಗಳುಗಳ ಮಿತಿಯಿದೆ. ತೋಟದ ಕೆಲಸದವರು ಕಾಲವನ್ನು ತಾರೀಖಿನಿಂದ ಎಣಿಸುವುದು ಕಡಿಮೆ. ‘ಹೂಮಳೆ ಬಂದಾಗ’ ಎಂದರೆ ಸುಮಾರಾಗಿ ಮಾರ್ಚ್–ಏಪ್ರಿಲ್. ‘ಮರಗಸಿಯ ಹೊತ್ತಿಗೆ’ ಎಂದರೆ ನೆರಳಿನ ಮರಗಳ ರೆಂಬೆ ಸವರುವ, ಮುಂಗಾರಿಗೆ ಮುಂಚಿನ ದಿನಗಳು. ‘ಅರೇಬಿಕಾ ಕೊಯ್ಲಿಗೆ’ ಎಂದರೆ ನವೆಂಬರಿನ ಅನಂತರ, ‘ರೋಬಸ್ಟಾ ಕೊಯ್ಲಿಗೆ’ ಎಂದರೆ ಇನ್ನೂ ತಡ. ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆಗಳಲ್ಲಿ ಗುಡ್ಡ ಕುಸಿದ ಮೇಲೆ ಆ ಮಳೆಯೂ ಒಂದು ಕಾಲಮಾನವಾಗಿದೆ. ಈ ಪಂಚಾಂಗ ತಿಳಿಯದ ಸಂದರ್ಶಕ ‘ಸರಿಯಾಗಿ ಹೇಳಲು ಬಾರದು’ ಎಂದು ಬರೆದುಕೊಳ್ಳುತ್ತಾನೆ. ಹೇಳಿದವಳು ಮಾತ್ರ ಸರಿಯಾಗಿಯೇ ಹೇಳಿರುತ್ತಾಳೆ.

೪

ಪರೀಕ್ಷೆಗಳ ವಿಷಯದಲ್ಲಿ ಕನ್ನಡಕ್ಕೆ ಒಳ್ಳೆಯ ಆರಂಭವೇ ದೊರೆತಿತ್ತು. ವಿ.ವಿ. ಕಾಮತ್ ಅವರು ೧೯೩೦ರ ದಶಕದಲ್ಲಿ ಧಾರವಾಡದಲ್ಲಿ ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಅದನ್ನು ಕುರಿತ ಅವರ ಪುಸ್ತಕ ೧೯೪೦ರಲ್ಲಿ ಹೊರಬಂದಿತು. ಆ ಮಾಪನ ಅನೇಕ ದಶಕಗಳ ಕಾಲ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿತ್ತು. ಕನ್ನಡ ಮಕ್ಕಳ ಮಾತಿನಿಂದ ಅಳತೆಗೋಲನ್ನು ರೂಪಿಸುವ ಆ ಕ್ರಮ ಮುಂದುವರಿದಿದ್ದರೆ ಕೆಳಗಿನ ಕೆಲವು ಪ್ರಶ್ನೆಗಳು ಏಳುತ್ತಲೇ ಇರಲಿಲ್ಲ.

ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಮರಳಿ ಹೇಳುವ ಪರೀಕ್ಷೆ ಸ್ಮೃತಿ, ಅವಧಾನಗಳ ಅಳತೆಗೆ ಎಲ್ಲೆಡೆ ಬಳಕೆಯಲ್ಲಿದೆ. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಏಳನ್ನು ಬಿಟ್ಟು ಉಳಿದೆಲ್ಲವೂ ಒಂದೊಂದು ಉಚ್ಚಾರಾಂಶದವು. ಕನ್ನಡದಲ್ಲಿ ಎಲ್ಲವೂ ಕನಿಷ್ಠ ಎರಡರವು. ‘ಎರಡು’, ‘ಒಂಬತ್ತು’ ಮೂರರವು. ಉಚ್ಚಾರಕ್ಕೆ ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ ಎಂಬುದನ್ನು ವೇಲ್ಸ್ ಭಾಷೆಯನ್ನು ಕುರಿತು ಎಲ್ಲಿಸ್ ಮತ್ತು ಹೆನ್ನೆಲಿ ೧೯೮೦ರಲ್ಲಿ ತೋರಿಸಿದರು. ಎರಡೂ ಭಾಷೆ ಬಲ್ಲವರಿಗೂ ವೇಲ್ಸ್‌ನಲ್ಲಿ ನೆನಪಿನ ವ್ಯಾಪ್ತಿ ಕಿರಿದಾಗಿತ್ತು. ಹಾಗಾದರೆ ಇಂಗ್ಲಿಷ್ ಮಾನದಂಡವನ್ನು ಕನ್ನಡಿಗನಿಗೆ ಹಚ್ಚುವುದು ಸರಿಯಾಗದು. ಇನ್ನೊಂದು ಸೂಕ್ಷ್ಮವೂ ಇದೆ. ಆಡುಮಾತಿನಲ್ಲಿ ಇವೇ ಅಂಕಿಗಳು ‘ಒಂದ್, ಎರ್ಡ್, ಮೂರ್, ನಾಕ್’ ಎಂದು ಕುಗ್ಗುತ್ತವೆ. ಪರೀಕ್ಷಕ ಪುಸ್ತಕದ ಉಚ್ಚಾರದಲ್ಲಿ ಓದಿದಾಗ ಒಂದು ಫಲ, ಊರಿನ ಉಚ್ಚಾರದಲ್ಲಿ ಹೇಳಿದಾಗ ಇನ್ನೊಂದು ಫಲ ಬರಬಹುದು. ಯಾವ ರೂಪವನ್ನು ಬಳಸಬೇಕೆಂಬುದು ಉಪಭಾಷಾ ವಿಜ್ಞಾನಿಯನ್ನು ಕೇಳಬೇಕಾದ ಪ್ರಶ್ನೆ.

ನಿರ್ದಿಷ್ಟ ಅಕ್ಷರದಿಂದ ಆರಂಭವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳಿಸುವ ಪರೀಕ್ಷೆ ಮತ್ತೊಂದು. ಕನ್ನಡದಲ್ಲಿ ಇದಕ್ಕೆ ಕ, ಪ, ಮ ಅಕ್ಷರಗಳನ್ನು ಬಳಸುವ ರೂಢಿಯಿದೆ. ಇವುಗಳಲ್ಲಿ ‘ಪ’ಕಾರದ ಆಯ್ಕೆ ಭಾಷಾಚರಿತ್ರೆಯ ದೃಷ್ಟಿಯಿಂದ ಕುತೂಹಲಕರವಾಗಿದೆ. ಹಳಗನ್ನಡದ ಪದಾದಿ ಪಕಾರ ಹಕಾರವಾದುದರಿಂದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಇಂದು ಪಕಾರದಿಂದ ಆರಂಭವಾಗುವ ಪದಗಳಲ್ಲಿ ಬಹುಪಾಲು ಸಂಸ್ಕೃತದವು ಅಥವಾ ಇತರ ಎರವಲುಗಳು: ಪತ್ರ, ಪಾಠ, ಪುಸ್ತಕ, ಪ್ರಶ್ನೆ. ಶಾಲೆಯ ಮೆಟ್ಟಿಲು ಹತ್ತದ ಕೆಲಸಗಾರ್ತಿಗೆ ಈ ಪರೀಕ್ಷೆ ಮಿದುಳಿನ ಶಕ್ತಿಯನ್ನಲ್ಲ, ಶಾಲೆಯನ್ನು ಅಳೆಯುತ್ತದೆ. ಆಕೆಯ ಮನೆಮಾತು ತುಳುವಾಗಿದ್ದರೆ ಚಿತ್ರ ಮತ್ತೆ ಬದಲಾಗುತ್ತದೆ. ಹೂವಿಗೆ ‘ಪೂ’, ಹುಲಿಗೆ ‘ಪಿಲಿ’ ಎನ್ನುವ ಆ ಭಾಷೆಯಲ್ಲಿ ಪಕಾರದ ದೇಶ್ಯ ಪದಗಳಿಗೆ ಕೊರತೆಯಿಲ್ಲ. ಅವಳು ಅವನ್ನು ಹೇಳಿದರೆ ತಪ್ಪೆಂದು ಗುರುತು ಹಾಕಬೇಕೆ ಎಂಬುದಕ್ಕೆ ಇಂಗ್ಲಿಷ್ ಕೈಪಿಡಿ ಉತ್ತರಿಸಲಾರದು. ನೂರು ವರ್ಷಗಳಿಂದ ಕನ್ನಡ ಎಂ.ಎ. ತರಗತಿಗಳಲ್ಲಿ ಬೋಧಿಸಲಾಗುತ್ತಿರುವ ಒಂದು ಧ್ವನಿವ್ಯತ್ಯಾಸದ ಪಾಠ ರೋಗನಿದಾನಕ್ಕೆ ಇಷ್ಟು ಹತ್ತಿರವಿದೆ.

ಅಮೂರ್ತ ಚಿಂತನೆಯನ್ನು ಪರೀಕ್ಷಿಸಲು ಗಾದೆಯ ಅರ್ಥ ಕೇಳುವ ಪದ್ಧತಿಯೂ ಇದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದಕ್ಕೆ ‘ಗದ್ದೆ ಕೆಲಸ ಮಾಡಿದರೆ ಊಟ’ ಎಂಬ ಉತ್ತರ ಬಂದರೆ ಅದು ಮೂರ್ತ ಚಿಂತನೆ ಎನಿಸಿಕೊಳ್ಳುತ್ತದೆ. ಕೆಸರಿನಲ್ಲಿ ಕೈಯಿಟ್ಟೇ ಉಣ್ಣುವವನಿಗೆ ಆ ಗಾದೆ ರೂಪಕವೇ ಅಲ್ಲ ಎಂಬ ಸಾಧ್ಯತೆ ಗಮನಕ್ಕೆ ಬರುವುದಿಲ್ಲ. ‘ಕೆಸರು ನಮ್ಮದು, ಮೊಸರು ಸಾಹುಕಾರರದು’ ಎಂದು ಒಬ್ಬ ಕೂಲಿಕಾರ ಉತ್ತರಿಸಿದರೆ ಆ ವ್ಯಂಗ್ಯಕ್ಕೆ ಎಷ್ಟು ಅಂಕ?

೫

‘ಸಂಕಟದ ನುಡಿಗಟ್ಟು’ ಎಂಬ ಪರಿಕಲ್ಪನೆ ಇಂದು ಜಗತ್ತಿನ ಮನೋವೈದ್ಯಕೀಯ ಪಠ್ಯಗಳಲ್ಲೆಲ್ಲ ಕಾಣುತ್ತದೆ. ಜನ ತಮ್ಮ ನೋವನ್ನು ತಮ್ಮ ಸಂಸ್ಕೃತಿ ಒದಗಿಸಿದ ರೂಪಗಳಲ್ಲಿ ಹೇಳಿಕೊಳ್ಳುತ್ತಾರೆ, ಅವೆಲ್ಲವನ್ನೂ ರೋಗವೆಂದು ಓದಬಾರದು ಎಂಬುದು ಅದರ ತಾತ್ಪರ್ಯ. ಮಾರ್ಕ್ ನಿಕ್ಟರ್ ೧೯೮೧ರಲ್ಲಿ ಇದನ್ನು ಮಂಡಿಸಿದ್ದು ದಕ್ಷಿಣ ಕನ್ನಡದ ಹವ್ಯಕ ಮಹಿಳೆಯರ ನಡುವೆ ನಡೆಸಿದ ಕ್ಷೇತ್ರಕಾರ್ಯದ ಆಧಾರದಿಂದ. ಊಟ, ಮಡಿ, ಕಾಯಿಲೆ, ದೈವಗಳ ಭಾಷೆಯಲ್ಲಿ ಆ ಮಹಿಳೆಯರು ಹೇಳಿಕೊಂಡ ಸಂಕಟ ಅಮೆರಿಕದ ಮಾನವಶಾಸ್ತ್ರಜ್ಞರೊಬ್ಬರಿಗೆ ಸಿದ್ಧಾಂತವನ್ನು ಒದಗಿಸಿತು. ಘಟ್ಟದ ಕೆಳಗಿನ ಕನ್ನಡದಿಂದ ಹುಟ್ಟಿದ ಪರಿಕಲ್ಪನೆ ಇಂಗ್ಲಿಷ್ ಪಠ್ಯದ ಮೂಲಕ ಘಟ್ಟದ ಮೇಲಿನ ಕನ್ನಡ ವಿದ್ಯಾರ್ಥಿಗೆ ತಲಪುತ್ತಿದೆ. ಇದರಲ್ಲಿ ನಿಕ್ಟರ್ ಅವರ ದೋಷವೇನೂ ಇಲ್ಲ, ಅವರು ಕೇಳಿಸಿಕೊಂಡರು.

ಕಳಸ, ಮೂಡಿಗೆರೆಗಳ ಕಡೆ ಭೂತಾರಾಧನೆ ಜೀವಂತವಾಗಿರುವುದರಿಂದ ಈ ಪರಿಕಲ್ಪನೆ ನಿತ್ಯದ ಬಳಕೆಗೆ ಬೇಕಾದುದು. ಕೋಲದಲ್ಲಿ ಪಾತ್ರಿಯ ಮೈಮೇಲೆ ದೈವ ಬರುವುದಕ್ಕೂ, ಮನೆಯಲ್ಲಿ ಸೊಸೆಯೊಬ್ಬಳ ಮೈಮೇಲೆ ಬೇಡದ ಹೊತ್ತಿನಲ್ಲಿ ಬರುವುದಕ್ಕೂ, ‘ನನ್ನ ತಲೆಯೊಳಗೆ ಯಾರೋ ಮಾತಾಡುತ್ತಾರೆ’ ಎಂಬುದಕ್ಕೂ ವ್ಯತ್ಯಾಸವಿದೆ. ಸಮುದಾಯ ಒಪ್ಪಿದ ಆಚರಣೆಯ ಭಾಗವಾದ ಆವೇಶವನ್ನು ಅಂತರರಾಷ್ಟ್ರೀಯ ವರ್ಗೀಕರಣವೂ ರೋಗದಿಂದ ಹೊರಗಿಡುತ್ತದೆ. ‘ಬಂತು’, ‘ಹಿಡಿಯಿತು’, ‘ಸೋಕಿತು’, ‘ಮೆಟ್ಟಿತು’ ಎಂಬ ಕ್ರಿಯಾಪದಗಳನ್ನು ಮಾತಾಡುವವರು ಅದಲುಬದಲು ಮಾಡುವುದಿಲ್ಲ. ದೈವ ಬರುತ್ತದೆ, ಪೀಡೆ ಹಿಡಿಯುತ್ತದೆ ಅಥವಾ ಮೆಟ್ಟುತ್ತದೆ, ಸೋಕುವುದು ಗಾಳಿ. ಜಾನಪದ ಅಧ್ಯಯನ ಸಂಗ್ರಹಿಸಿಟ್ಟಿರುವ ಇಂತಹ ವಿವೇಕ ತರಬೇತಿಯ ಕೋಣೆಗೆ ಇನ್ನೂ ಹೋಗಬೇಕಾಗಿದೆ.

೬

ರಾಜ್ಯದಲ್ಲಿ ಬಳ್ಳಾರಿಯ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಚಿಕಿತ್ಸಾ ಮನೋವಿಜ್ಞಾನಿಗೆ ಸ್ಥಾನವಿದೆ. ೨೦೧೪ರಲ್ಲಿ ಆರಂಭವಾದ ‘ಮನೋಚೈತನ್ಯ’ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಚಿಕಿತ್ಸಾಲಯಗಳನ್ನು ತಂದಿತು. ೨೦೨೨ರ ಅಕ್ಟೋಬರಿನಿಂದ ಟೆಲಿ-ಮಾನಸ್ ದೂರವಾಣಿ ಸೇವೆಯೂ ಇದೆ. ಅಲ್ಲಿ ಮುಖವಿಲ್ಲ, ಸನ್ನೆಯಿಲ್ಲ, ‘ಮಂಡೆಬಿಸಿ’ ಎಂಬ ಮಾತೊಂದೇ ತಂತಿಯ ಆ ಕೊನೆಗೆ ತಲಪುತ್ತದೆ. ಮಹಾನಗರದ ದೊಡ್ಡ ಆಸ್ಪತ್ರೆಯಲ್ಲಿ ನಿಭಾಯಿಸಬಹುದಾದ ಭಾಷೆಯ ಕೊರತೆ ಇಂತಹ ಕಡೆ ನೇರವಾಗಿ ರೋಗಿಗೆ ತಟ್ಟುತ್ತದೆ.

ಈಗ ತರಬೇತಿಯ ಸ್ವರೂಪವೇ ಬದಲಾಗುತ್ತಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನು ಕೈಬಿಡಲು ಸೂಚಿಸಿತು; ೨೦೨೨ರ ಯುಜಿಸಿ ನಿಯಮಗಳು ಅದನ್ನು ನಿಲ್ಲಿಸಿದವು. ಚಿಕಿತ್ಸಾ ಮನೋವಿಜ್ಞಾನಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ೨೦೨೫–೨೬ನೆಯ ಸಾಲಿನವರೆಗೆ ಪ್ರವೇಶದ ಅವಕಾಶ ನೀಡಲಾಯಿತು. ಪುನರ್ವಸತಿ ಮಂಡಳಿ ಬದಲಿಗೆ ಬರುವ ಪದವಿಗಳ ಪಠ್ಯಕ್ರಮಗಳನ್ನು ರೂಪಿಸಿದೆ. ಪಠ್ಯಕ್ರಮಗಳು ಹೊಸದಾಗಿ ಬರೆಯಲ್ಪಡುವ ಕಾಲದಲ್ಲಿ ಕನ್ನಡ ವಿಭಾಗಗಳು ಒಂದು ಪತ್ರಿಕೆಯಷ್ಟಾದರೂ ಜಾಗ ಕೇಳುವುದು ಅನುಚಿತವಲ್ಲ. ಆದರೆ ಅದು ನವೋದಯದ ಕವಿತೆಗಳನ್ನೂ ವ್ಯಾಕರಣದ ಸೂತ್ರಗಳನ್ನೂ ಒಳಗೊಂಡ ‘ಭಾಷಾ ಪತ್ರಿಕೆ’ಯಾದರೆ ಯಾರಿಗೂ ಪ್ರಯೋಜನವಿಲ್ಲ, ಅಂತಹ ಪತ್ರಿಕೆಗಳ ಗತಿ ಏನಾಗುತ್ತದೆ ಎಂಬುದು ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಕನ್ನಡ ಬೋಧಿಸಿದವರಿಗೆ ಗೊತ್ತು. ಬೇಕಾಗಿರುವುದು ಸಂಕಟದ ಮಾತುಗಳ ಪ್ರಾದೇಶಿಕ ಪದಕೋಶ, ಸಂದರ್ಶನಗಳ ಕನ್ನಡ ಲಿಪ್ಯಂತರವನ್ನು ಇಂಗ್ಲಿಷಿಗೆ ತಿರುಗಿಸದೆ ವಿಶ್ಲೇಷಿಸುವ ಅಭ್ಯಾಸ, ಸಂಬೋಧನೆಯ ತಿಳಿವಳಿಕೆ. ಇಪ್ಪತ್ತೈದರ ತರುಣಿ ಅರವತ್ತರ ಆಳನ್ನು ‘ನೀನು’ ಎಂದರೆ ಅವನು ಏನನ್ನು ಹೇಳದೆ ಉಳಿಸಿಕೊಳ್ಳುತ್ತಾನೆ, ‘ನೀವು’ ಎಂದರೆ ಯಾಕೆ ಮುಜುಗರಪಡುತ್ತಾನೆ, ‘ಅಜ್ಜ’ ಎಂದರೆ ಯಾಕೆ ಬಾಯಿಬಿಡುತ್ತಾನೆ ಎಂಬುದು ಈ ತಿಳಿವಳಿಕೆಗೆ ಸೇರಿದ್ದು. ಕಾಫಿಸೀಮೆಯ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾನಿಲಯದ ಕನ್ನಡ ಭಾರತಿಯಂತಹ ವಿಭಾಗಕ್ಕೆ ಪದಕೋಶದ ಕೆಲಸ ಕೈಗೆಟುಕುವಂಥದು, ಪಿಎಚ್.ಡಿ. ವಿಷಯಗಳ ಹುಡುಕಾಟದಲ್ಲಿರುವ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂರು ವರ್ಷ ದುಡಿದರೆ ಸಾಕು.

ಇದರಿಂದ ಪರಿಹಾರವಾಗದ ಸಮಸ್ಯೆ ಒಂದಿದೆ. ಆಸ್ಪತ್ರೆಗೆ ಕೂಲಿಕಾರನ ಜೊತೆಗೆ ತೋಟದ ರೈಟರೋ ಮೇಸ್ತ್ರಿಯೋ ಬಂದಾಗ ರೋಗಿಯ ಮಾತನ್ನು ಅವನೇ ದಾಟಿಸಬೇಕಾಗುತ್ತದೆ. ಕನ್ನಡ ಬಾರದ ಹೊಸ ವಲಸೆಗಾರನ ವಿಷಯದಲ್ಲಂತೂ ಬೇರೆ ದಾರಿಯೇ ಕಾಣದು. ಕೂಲಿಯ ಲೆಕ್ಕ ಬರೆಯುವವನು, ಮುಂಗಡದ ಬಾಕಿ ಬಲ್ಲವನು ದುಭಾಷಿಯಾದಾಗ, ಸಾಲದ ಮಂಡೆಬಿಸಿಯನ್ನೂ ಕುಡಿತದ ವಿಷಯವನ್ನೂ ಅವನ ಮುಂದೆ ಹೇಳುವವರು ಯಾರು? ಪದಕೋಶ ಎಷ್ಟೇ ಚೆನ್ನಾಗಿದ್ದರೂ ಆ ಕೋಣೆಯಲ್ಲಿ ಅದು ತೆರೆಯುವುದಿಲ್ಲ. ದುಭಾಷಿಯನ್ನು ಹೊರಗೆ ಕೂರಿಸಿ, ಅದೇ ಭಾಷೆಯ, ತೋಟಕ್ಕೆ ಸಂಬಂಧಪಡದ ಇನ್ನೊಬ್ಬರನ್ನು ಹುಡುಕುವುದು ಮೊದಲು ಆಗಬೇಕಾದ ಕೆಲಸ.